ಗೃಹಲಕ್ಷ್ಮಿ ಹಣದ ಜೊತೆಗೆ ಸ್ವಂತ ದುಡಿಮೆ: ಉಡುಪಿಯಲ್ಲಿ ಹೊಲಿಗೆ ತರಬೇತಿ ಪಡೆಯುವ ಬಗೆ

ತರಬೇತಿಗೆ ಹೆಸರು ಕೊಡಲು ಹಿಂಜರಿಯುವ ಹೆಂಗಸರಲ್ಲಿ ಹಲವರಿಗೆ ಇರುವ ಭಯವೆಂದರೆ, ದುಡಿಯಲು ತೊಡಗಿದರೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ನಿಂತುಹೋದೀತು ಎಂಬುದು. ಈ ಭಯವನ್ನು ಮೊದಲು ಬಿಡಬೇಕು. ಯೋಜನೆಯ ನಿಯಮ ಹೊರಗಿಡುವುದು ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಕಟ್ಟುವ ಮನೆಗಳನ್ನು. ಮನೆಯಲ್ಲಿ ಕುಳಿತು ರವಿಕೆ ಹೊಲಿಯುವವರನ್ನಲ್ಲ. ಯುವನಿಧಿಯ ವಿಷಯ ಬೇರೆ: ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವ ಆ ನಿರುದ್ಯೋಗ ಭತ್ಯೆ ಕೆಲಸ ಸಿಕ್ಕೊಡನೆ ನಿಲ್ಲುತ್ತದೆ, ಸಿಗದಿದ್ದರೂ ಎರಡು ವರ್ಷಕ್ಕೆ ಮುಗಿಯುತ್ತದೆ.

ನಮ್ಮ ಜಿಲ್ಲೆಯವರು ವಿಚಾರಿಸಬೇಕಾದ ಮೊದಲ ಜಾಗ, ಸ್ವಉದ್ಯೋಗದ ತರಬೇತಿ ಕೊಡುವ ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ಕಿನ ಪ್ರತಿ ಮತ್ತು ಭಾವಚಿತ್ರಗಳೊಂದಿಗೆ ಹೋಗಿ, ಮುಂದಿನ ಹೊಲಿಗೆ ತಂಡ ಯಾವಾಗ ಆರಂಭವೆಂದು ಕೇಳಬೇಕು.

ಸಾಧ್ಯವಾದರೆ ಜೂನ್ ಅಥವಾ ಜುಲೈ ತಿಂಗಳ ತಂಡವನ್ನೇ ಆರಿಸಿಕೊಳ್ಳಿರಿ. ಮೀನುಗಾರಿಕೆಗೆ ನಿಷೇಧವಿರುವ ಆ 61 ದಿನಗಳಲ್ಲಿ ಮಲ್ಪೆಯ ದಕ್ಕೆಯಲ್ಲಿ ಮೀನು ವಿಂಗಡಿಸುವವರ ಕೈಯಲ್ಲಿ ಹೆಚ್ಚು ಕೆಲಸವಿರುವುದಿಲ್ಲ. ಆಗಸ್ಟ್ ನಡುವಿನಲ್ಲಿ ಆಟಿ ತಿಂಗಳು ಮುಗಿಯುವ ಹೊತ್ತಿಗೆ ಕಲಿಕೆಯೂ ಮುಗಿದಿದ್ದರೆ, ಅಷ್ಟಮಿ, ಚೌತಿ, ನವರಾತ್ರಿ ಎಂದು ಸಾಲಾಗಿ ಬರುವ ಹಬ್ಬಗಳ ಬೇಡಿಕೆಗೆ ಸಿದ್ಧರಾಗಿರಬಹುದು.

ಹೋಗುವ ಮೊದಲು ನಿಮ್ಮ ಪೇಟೆಯ ದರ್ಜಿಯೊಬ್ಬರ ಬಳಿ ಅರ್ಧ ಗಂಟೆ ಕುಳಿತು, ಯಾವ ಕೆಲಸ ಬಾಕಿ ಬೀಳುತ್ತಿದೆಯೆಂದು ಗಮನಿಸಬೇಕೆಂಬುದು ನನ್ನ ಒತ್ತಾಯದ ಸಲಹೆ. ನೇರ ಹೊಲಿಗೆಯನ್ನು ಅನೇಕರು ಬಲ್ಲರು. ಆದರೆ ಲೈನಿಂಗ್ ಕೊಟ್ಟ ರವಿಕೆಯ ಕುತ್ತಿಗೆಯ ತಿರುವಿನಲ್ಲಿ ಪೈಪಿಂಗ್ ಸುಕ್ಕಾಗದಂತೆ ಕೂರಿಸುವುದು, ಕಂಕುಳ ಬಳಿ ಬಿಗಿಯಾಗದಂತೆ ತೋಳು ಜೋಡಿಸುವುದು ಎಲ್ಲರ ಕೈಗೂ ಬಂದಿರುವುದಿಲ್ಲ. ಈ ಎರಡನ್ನು ಹಳೆಯ ಸೀರೆಯ ತುಂಡುಗಳ ಮೇಲೆ ಮತ್ತೆ ಮತ್ತೆ ಹೊಲಿದು, ಬಿಚ್ಚಿ, ಶಿಕ್ಷಕಿಗೆ ತೋರಿಸಿ ತಿದ್ದಿಕೊಳ್ಳಬೇಕು. ಪ್ರಮಾಣಪತ್ರಕ್ಕಿಂತ ಮೊದಲು ಗಿರಾಕಿ ನೋಡುವುದು ಕುತ್ತಿಗೆಯ ಅಂಚನ್ನೇ.

ತರಬೇತಿಯ ನಂತರವೂ ಸುಮಾರು ಎರಡು ವರ್ಷ ಸಂಸ್ಥೆಯವರು ಸಂಪರ್ಕದಲ್ಲಿರುತ್ತಾರೆ. ಅವರು ಫೋನ್ ಮಾಡಿದಾಗ ಸಂಕೋಚದಿಂದ ಎಲ್ಲ ಸರಿಯಿದೆ ಎನ್ನದೆ, ಗಿರಾಕಿ ಬರುತ್ತಿಲ್ಲ, ಯಂತ್ರವಿಲ್ಲ ಎಂಬುದನ್ನು ಇದ್ದಂತೆಯೇ ಹೇಳಬೇಕು. ಯಂತ್ರಕ್ಕೆ ಸಾಲ ಬೇಕಾದರೆ, ಕೇಂದ್ರ ಸರಕಾರದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗೆ ಸಿಗುವ ‘ಶಿಶು’ ಸಾಲಕ್ಕೆ ಜಾಮೀನಿನ ಆಸ್ತಿ ಬೇಕಿಲ್ಲ. ಗೃಹಲಕ್ಷ್ಮಿ ಹಣ ಜಮೆಯಾಗುವ ಬ್ಯಾಂಕ್ ಶಾಖೆಗೇ ಪ್ರಮಾಣಪತ್ರ, ಅಂಗಡಿಯಿಂದ ಬರೆಸಿದ ಯಂತ್ರದ ದರಪಟ್ಟಿ ಮತ್ತು ನೀವು ಹೊಲಿದ ಒಂದು ರವಿಕೆಯನ್ನು ಒಯ್ದು ಅರ್ಜಿ ಕೊಡಿರಿ.