ಮೊದಲ ಒಲವಿನ ಕಥೆಯನ್ನು ಮಕ್ಕಳ ಚಿತ್ರಪುಸ್ತಕವಾಗಿಸುವ ಬಗೆ

ಏಳೆಂಟು ವರ್ಷದ ಮಗುವಿಗೆ ತರಗತಿಯ ಇನ್ನೊಂದು ಮಗುವಿನ ಮೇಲೆ ಮೊದಲ ಬಾರಿ ಮೂಡುವ ಒಲವನ್ನು ಚಿತ್ರಪುಸ್ತಕವಾಗಿಸಲು ಹೊರಟವರು ಮೊದಲು ಪದಗಳ ಆಯ್ಕೆಯಲ್ಲಿ ಎಚ್ಚರ ವಹಿಸಬೇಕು. ‘ಪ್ರೇಮ’, ‘ಲವ್’ ಎಂಬ ಮಾತುಗಳು ದೊಡ್ಡವರ ಸಿನಿಮಾದ ಅರ್ಥಗಳನ್ನು ಹೊತ್ತುಕೊಂಡೇ ಬರುತ್ತವೆ. ಮಗುವಿಗೆ ಗೊತ್ತಿರುವುದು ಅವಳು ಶಾಲೆಗೆ ಬಾರದ ದಿನ ಹೊತ್ತು ಹೋಗುವುದಿಲ್ಲ, ಬಂದ ದಿನ ಎದುರಿಗೆ ನಿಂತರೆ ಬಾಯಿಂದ ಮಾತು ಹೊರಡುವುದಿಲ್ಲ ಎಂಬಷ್ಟು ಮಾತ್ರ. ಇದಕ್ಕೆ ‘ಇಷ್ಟ’ ಎಂಬ ಪದ ಸಾಕು, ಅದನ್ನೂ ಇಡೀ ಪುಸ್ತಕದಲ್ಲಿ ಒಂದೇ ಸಲ ಬಳಸುವುದು ಒಳ್ಳೆಯದು.

ಬಳಿಕ ಆ ಭಾವವನ್ನು ಹೊರಬಲ್ಲ ಒಂದು ವಸ್ತುವನ್ನೋ ದಿನಚರಿಯ ಒಂದು ಗಳಿಗೆಯನ್ನೋ ಆರಿಸಿಕೊಳ್ಳಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಮಕ್ಕಳಿಗೆ ಬಿಸಿಹಾಲು ಕೊಡುತ್ತಾರೆ. ಆ ಹಾಲಿನ ಸಾಲನ್ನೇ ಕಥೆಯ ಬೆನ್ನೆಲುಬಾಗಿಸಬಹುದು. ಹುಡುಗನೊಬ್ಬ ಅವಳ ಹಿಂದೆಯೇ ನಿಲ್ಲಲು ಓಡೋಡಿ ಬರುತ್ತಾನೆ, ಕೈ ಸುಡುತ್ತಿದ್ದರೂ ಲೋಟ ಕೆಳಗಿಡುವುದನ್ನು ಮರೆಯುತ್ತಾನೆ, ಅವಳ ಮೇಲ್ತುಟಿಗೆ ಅಂಟಿದ ಹಾಲಿನ ಗೆರೆಯನ್ನು ಕಂಡು ತನ್ನ ತುಟಿಯನ್ನು ಒರೆಸಿಕೊಳ್ಳುತ್ತಾನೆ. ಈ ಕೊನೆಯ ಸಂಗತಿಯನ್ನು ಬರಹದಲ್ಲಿ ಹೇಳಲೇಬಾರದು. ‘ಇವತ್ತು ಹಾಲು ತುಂಬ ಬಿಸಿಯಿತ್ತು’ ಎಂದಷ್ಟೇ ಬರೆದು ಉಳಿದದ್ದನ್ನು ಚಿತ್ರಕ್ಕೆ ಬಿಟ್ಟರೆ, ಓದಲು ಬಾರದ ಮಗುವೂ ಬೆರಳಿಟ್ಟು ತೋರಿಸಿ ನಗುತ್ತದೆ.

ಮುದ್ರಣದ ಹಾಳೆಯನ್ನು ಮಡಚುವ ಕ್ರಮದಿಂದಾಗಿ ಚಿತ್ರಪುಸ್ತಕಗಳು ಸಾಮಾನ್ಯವಾಗಿ 16, 24 ಅಥವಾ 32 ಪುಟಗಳಲ್ಲಿ ಬರುತ್ತವೆ. ಎಂಟು ಎ4 ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿ ಪಿನ್ ಹೊಡೆದರೆ 32 ಪುಟಗಳ ಮಾದರಿ ಪುಸ್ತಕ ಸಿದ್ಧವಾಗುತ್ತದೆ. ಕಥೆಯನ್ನು ಕಂಪ್ಯೂಟರಿನಲ್ಲಿ ಬರೆಯುವ ಬದಲು ಇದರಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ. ಕಾತರದ ಗಳಿಗೆ ಬಲಪುಟದ ಕೊನೆಯಲ್ಲಿರಬೇಕು, ಏಕೆಂದರೆ, ಹುಡುಗ ಅವಳಿಗೆ ಬಳಪ ನೀಡುವ ಪ್ರಸಂಗವಿದ್ದರೆ, ಅವಳು ಅದನ್ನು ತೆಗೆದುಕೊಂಡಳೇ ಇಲ್ಲವೇ ಎಂಬುದು ಪುಟ ಮಗುಚಿದ ಮೇಲೆಯೇ ತಿಳಿಯಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ. ಚಿತ್ರ ಬರೆಯಲು ಬಾರದವರು, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯಡಿ ದೊರೆಯುವ ಚಿತ್ರಗಳನ್ನು ಕಲಾವಿದರ ಹೆಸರು ನಮೂದಿಸಿ ಬಳಸಿಕೊಳ್ಳಬಹುದು.

ಇಂಥ ಕಥೆಗಳು ದಾರಿ ತಪ್ಪುವುದು ಹೆಚ್ಚಾಗಿ ಆ ಇನ್ನೊಂದು ಮಗುವಿನ ವಿಷಯದಲ್ಲಿ. ಅವಳು ಬರೀ ನೋಡಿಸಿಕೊಳ್ಳುವ ಗೊಂಬೆಯಾಗಬಾರದು. ಅವಳಿಗೊಂದು ಹಟ, ಒಂದು ಆಟ, ‘ಬೇಡ’ ಎನ್ನುವ ಸ್ವಾತಂತ್ರ್ಯ ಇರಬೇಕು. ಬಳಪ ಕೊಟ್ಟದ್ದಕ್ಕೆ ಸ್ನೇಹವನ್ನು ಬೆಲೆಯಾಗಿ ಪಡೆಯುವ ಕಥೆಯನ್ನು ನಾನಂತೂ ಮಕ್ಕಳ ಕೈಗೆ ಕೊಡಲಾರೆ. ಗೆಳೆಯರು ಇಬ್ಬರ ಹೆಸರನ್ನೂ ಗೋಡೆಯ ಮೇಲೆ ಜೋಡಿಸಿ ಬರೆಯುವ ಪ್ರಸಂಗವನ್ನು ತಂದರೆ, ಅದರಿಂದ ಅವಳಿಗಾಗುವ ಸಂಕಟವನ್ನೂ ಒಂದು ಪೂರ್ಣ ಪುಟದಲ್ಲಿ ತೋರಿಸಿ. ಶಿಕ್ಷಕಿಯೋ ಅಜ್ಜಿಯೋ ಬಂದು ಬುದ್ಧಿ ಹೇಳುವ ಪುಟ ಬೇಡ. ಹುಡುಗ ಒದ್ದೆಬಟ್ಟೆ ತಂದು ಆ ಗೋಡೆಯನ್ನು ತಾನೇ ಒರೆಸಲಿ.

ಮಾದರಿ ಪುಸ್ತಕವನ್ನು ಅಚ್ಚಿಗೆ ಕಳಿಸುವ ಮುನ್ನ ನಾಲ್ಕೈದು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಎಲ್ಲಿ ಸುಮ್ಮನಾಗುತ್ತಾರೆ, ಯಾವ ಪುಟಕ್ಕೆ ಹಿಂದಿರುಗುತ್ತಾರೆ ಎಂಬುದನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಅವರು ಹಿಂದಿರುಗಿ ನೋಡುವ ಪುಟದಲ್ಲಿ ಬರಹವಿದ್ದರೆ, ಅದನ್ನು ತೆಗೆದು ಮತ್ತೊಮ್ಮೆ ತೋರಿಸಿ ನೋಡಿ.