‘ವಯಸ್ಸಾಯ್ತಲ್ಲ’ ಅನ್ನಬೇಡಿ: ಹಿರಿಯರ ಮಂಕುತನಕ್ಕೆ ಮದ್ದುಂಟು

ಬೆಳಿಗ್ಗೆ ಕೊಟ್ಟ ಕಾಫಿ ಕೆನೆಗಟ್ಟಿ ಹಾಗೇ ಕೂತಿದೆ. ದಿನಾ ಹೂ ಕಟ್ಟುತ್ತಿದ್ದ ಅಮ್ಮ ಮೊಗ್ಗಿನ ಬುಟ್ಟಿಯ ಕಡೆ ನೋಡುವುದೇ ಇಲ್ಲ. ಕೇಳಿದರೆ ‘ಏನಿಲ್ಲ ಕಣೋ, ಯಾಕೋ ಸುಸ್ತು’ ಅನ್ನುತ್ತಾರೆ. ವಯಸ್ಸಾಯ್ತಲ್ಲ ಎಂದು ನಾವೂ ಸುಮ್ಮನಾಗುತ್ತೇವೆ. ಆದರೆ ಇದು ಖಿನ್ನತೆಯೂ ಇರಬಹುದು, ಅದರ ಚಿಕಿತ್ಸೆ ತಡವಾಗುವುದು ಇಲ್ಲೇ.

ಮೊದಲು ಗಮನಿಸಿ. ‘ಮನಸ್ಸಿಗೆ ಬೇಜಾರು’ ಎಂದು ಬಾಯಿಬಿಟ್ಟು ಹೇಳುವ ಹಿರಿಯರು ಕಡಿಮೆ. ಎದೆ ಡವಡವ, ಹೊಟ್ಟೆ ಉರಿ, ಮೈಕೈ ನೋವು, ರಾತ್ರಿ 3 ಗಂಟೆಗೇ ಎಚ್ಚರ ಎನ್ನುತ್ತಾರೆ. ಮಗ ಹತ್ತು ನಿಮಿಷ ತಡವಾದರೂ ಬಾಗಿಲಿಗೂ ಗೇಟಿಗೂ ಓಡಾಡುತ್ತಾರೆ. ಇದು ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ.

ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ಚೂರ್ಣ, ಕಷಾಯವೂ ಇರಲಿ. ಥೈರಾಯ್ಡ್, ಬಿ12, ರಕ್ತಹೀನತೆಯ ಪರೀಕ್ಷೆ ಬೇಕಾ ಎಂದು ಕೇಳಿ. ಥೈರಾಯ್ಡ್ ಕಡಿಮೆಯಾದರೂ ಮನುಷ್ಯ ಹೀಗೇ ಮಂಕಾಗುತ್ತಾನೆ. ಖಿನ್ನತೆಯಲ್ಲಿ ಮರೆವೂ ಜಾಸ್ತಿ, ಹಾಗಾಗಿ ಅರಳುಮರಳು ಎಂದು ನೀವೇ ತೀರ್ಮಾನಿಸಬೇಡಿ. ಮನೋವೈದ್ಯರು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಜಿಲ್ಲಾಸ್ಪತ್ರೆಯಲ್ಲೂ ವಿಚಾರಿಸಿ.

ಮಾತ್ರೆಯ ವಿಷಯದಲ್ಲೇ ಹೆಚ್ಚು ಜನ ಎಡವುತ್ತಾರೆ. ಹಿರಿಯರಿಗೆ ಕಡಿಮೆ ಪ್ರಮಾಣದಿಂದ ಶುರು ಮಾಡಿ, ನಿಧಾನವಾಗಿ ಏರಿಸುತ್ತಾರೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಹಿಡಿಯಲು ಇನ್ನೂ ಜಾಸ್ತಿ. ಹತ್ತೇ ದಿನಕ್ಕೆ ‘ಏನೂ ಆಗ್ಲಿಲ್ಲ’ ಎಂದು ಬಿಡಿಸಬೇಡಿ. ಚೆನ್ನಾದ ಮೇಲೂ ಡಾಕ್ಟರ್ ಹೇಳುವವರೆಗೆ ನಡೆಯಲಿ. ಕೆಲವು ಮಾತ್ರೆಗಳಿಂದ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ವಾಂತಿ, ಗೊಂದಲ, ನಡೆಯುವಾಗ ತೂರಾಟ ಕಂಡರೆ ತಕ್ಷಣ ತೋರಿಸಿ. ಖಿನ್ನತೆಯ ಮಾತ್ರೆ ಚಟವಾಗುತ್ತದೆ ಎಂಬ ಭಯ ಬೇಡ. ಚಟ ಹಿಡಿಸುವುದು ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುವ ನಿದ್ದೆ ಮಾತ್ರೆ. ಅದರ ಮಂಪರಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವುದೂ ಉಂಟು.

ಆಪ್ತಸಮಾಲೋಚನೆ ಈ ವಯಸ್ಸಿನಲ್ಲೂ ಫಲ ಕೊಡುತ್ತದೆ. ಮನೆಯಲ್ಲಿ ‘ಧೈರ್ಯವಾಗಿರಿ’ ಅನ್ನುವ ಬದಲು ಪಕ್ಕದಲ್ಲಿ ಕೂತು ಬುಟ್ಟಿಯನ್ನು ಮಧ್ಯಕ್ಕೆ ಎಳೆದುಕೊಳ್ಳಿ. ನೀವು ಮೊಗ್ಗು ಜೋಡಿಸಿ ಕೊಡಿ, ಅವರು ಕಟ್ಟಲಿ. ಅವತ್ತಿಗೆ ಒಂದು ಗೇಣು ಸಾಕು.

‘ನಾನಿದ್ದು ಏನು ಪ್ರಯೋಜನ, ದೇವರು ಕರ್ಕೊಂಡ್ರೆ ಸಾಕು’ ಎಂಬ ಮಾತು ಬಂದರೆ ಹಗುರವಾಗಿ ತಗೋಬೇಡಿ. ‘ಸಾಯಬೇಕು ಅನ್ನಿಸ್ತಿದೆಯಾ ಅಮ್ಮಾ?’ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಮಾತ್ರೆ ಡಬ್ಬ, ಕೀಟನಾಶಕ ಬೀಗದೊಳಗಿಡಿ. ಅವತ್ತೇ ಆಸ್ಪತ್ರೆಗೆ ಹೊರಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.