ಜಾರುತ್ತಿದ್ದ ಹಿಚ್ ಗಂಟು ಹಿಡಿದದ್ದು ಹೀಗೆ

ಜಯನಗರದಲ್ಲಿ ಮಳೆಮರದ ಒಣಕೊಂಬೆ ತೆಗೆಯಲು ಹತ್ತುವಾಗ ಡಿಸ್ಟೆಲ್ ಹಿಚ್ (ಹತ್ತುವ ಹಗ್ಗಕ್ಕೆ ದಾರ ಸುತ್ತಿ ಹಾಕುವ, ಭಾರ ಬಿದ್ದಾಗ ಬಿಗಿದು ಹಿಡಿಯುವ ಗಂಟು) ಭಾರ ಬಿಟ್ಟ ಕೂಡಲೇ ಹಿಡಿಯದೆ, ಗೇಣುದ್ದ ಜಾರಿ ನಿಲ್ಲುತ್ತಿತ್ತು. ಹಗ್ಗ 11.7 ಮಿ.ಮೀ., ಗಂಟಿನ ದಾರ 10 ಮಿ.ಮೀ.; ಮೇಲೆ 4 ಸುತ್ತು, ಕೆಳಗೆ 1. ಎಡವಟ್ಟು ದಾರದ್ದೇ. ಹೆಚ್ಚುಕಡಿಮೆ ಹಗ್ಗದಷ್ಟೇ ದಪ್ಪವಿದ್ದು, ಹೊಸದಾಗಿ ಬಿರುಸಾಗಿದ್ದರೆ ಅದು ಹಗ್ಗವನ್ನು ಅಪ್ಪುವುದಿಲ್ಲ.

ಮರ ಹತ್ತುವುದಕ್ಕೆಂದೇ ಮಾಡಿದ, ಶಾಖ ತಡೆಯುವ 8 ಮಿ.ಮೀ. ದಾರ ಹಾಕಿ ಮೇಲೆ 5 ಸುತ್ತು ಕೊಟ್ಟೆ. ಸುತ್ತುಗಳು ಒಂದರ ಮೇಲೊಂದು ಏರದಂತೆ ಬೆರಳಿಂದ ಒತ್ತಿ ಕೂರಿಸಿ, ದಾರದ ಎರಡೂ ತುದಿ ಕ್ಯಾರಬೀನರಿಗೆ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿಗೆ) ಸೇರಿಸಿ, ಮೊಣಕಾಲೆತ್ತರದಲ್ಲೇ ಪೂರ್ತಿ ಭಾರ ಬಿಟ್ಟು ನೋಡಿದೆ. ಕೂತಲ್ಲೇ ಹಿಡಿಯಿತು. ಈ ಪರೀಕ್ಷೆ ಪ್ರತಿ ಸಲವೂ ಬೇಕೇ ಬೇಕು.

ಹಗ್ಗ ಮಳೆಯಲ್ಲಿ ನೆನೆದರೆ ಅದೇ 5 ಸುತ್ತು ಕಚ್ಚಿಕೊಂಡು ಕೆಳಗೆ ಸರಿಯದೇ ಹೋಗಬಹುದು. ಆಗ ನೆಲದ ಮೇಲೆ ನಿಂತೇ ಒಂದು ಸುತ್ತು ಕಳೆದು ಮತ್ತೆ ಪರೀಕ್ಷಿಸಬೇಕು. ಮರದ ಮೇಲೆ ಗಂಟು ಬಿಚ್ಚುವ ಮಾತೇ ಬೇಡ.

ಸರ್ರನೆ ಇಳಿದರೆ ಬಿಸಿಗೆ ದಾರದ ಮೈ ಗಾಜಿನಂತೆ ಹೊಳೆದು, ಉಗುರಿಗೆ ಗಟ್ಟಿಯಾಗಿ ಸಿಗುತ್ತದೆ. ಅಂಥ ದಾರ ಅವತ್ತೇ ಕತ್ತರಿಸಿ ಎಸೆಯಿರಿ. ಹಗ್ಗದ ತುದಿಗೆ ತಡೆಗಂಟು ಹಾಕಿದ್ದೀರಾ, ಅದನ್ನೂ ನೋಡಿಕೊಳ್ಳಿ.